ಅಪ್ಪ ಬರೆದ ಮರುಭೂಮಿ

ಮೂಡಲಗಿಯ ನಮ್ಮ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಗೋಡೆಗಾತು ನಿಂತ ಉದ್ದನೆಯ ಬಿದಿರಿಗೆ ಸುತ್ತಿಡುವ ಒಂದು ಪರದೆ ಇದೆ. ಅದನ್ನು ಬಿಚ್ಚಿದರೆ ಮೊದಲು ಹಳೆಯ ಬಣ್ಣದ ಪುಡಿ ಉದುರುತ್ತದೆ, ಆಮೇಲೆ ಕೆಮ್ಮು ಬರುತ್ತದೆ, ಕೊನೆಗೆ ಮರುಭೂಮಿ ಬರುತ್ತದೆ.

ಹೌದು, ಮರುಭೂಮಿಯೇ. ನೀವು ಚಿಕ್ಕವರಿದ್ದಾಗ ನಿಂತು ಫೋಟೋ ತೆಗೆಸಿಕೊಂಡ ಸ್ಟುಡಿಯೋದಲ್ಲಿ ತಾಜಮಹಲೋ, ಹೂದೋಟವೋ, ಮೆಟ್ಟಿಲಿನ ಬಂಗಲೆಯೋ ಇದ್ದಿರಬಹುದು. ಗೋಕಾಕದವರು ಜಾಣರು, ಕೈಯಳತೆಯಲ್ಲೇ ಧುಮುಕುತ್ತಿದ್ದ ಜಲಪಾತವನ್ನು ಬರೆಸಿ ತೂಗುಹಾಕಿಕೊಂಡರು. ನಮ್ಮಪ್ಪನಿಗೆ ಮಾತ್ರ ಎಲ್ಲರೂ ಮಾಡಿದ್ದನ್ನೇ ಮಾಡುವುದೆಂದರೆ ಮೈಯೆಲ್ಲ ಉರಿ. ತಾನೇ ಕುಂಚ ಹಿಡಿದು ಬರೆದ: ಮರಳಿನ ಒಂದು ದೊಡ್ಡ ದಿಣ್ಣೆ, ಕೆಂಪಗೆ ಇಳಿಯುತ್ತಿರುವ ಸೂರ್ಯ, ಬದಿಯಲ್ಲೊಂದು ಒಂಟೆ. ಒಂಟೆಯ ಕಾಲು ಥೇಟ್ ನಮ್ಮ ಕಡೆಯ ಎತ್ತಿನವು; ಡುಬ್ಬವನ್ನು ಎಲ್ಲ ಮುಗಿದ ಮೇಲೆ ನೆನಪಾಗಿ ಅಂಟಿಸಿದಂತಿದೆ. ಆದರೂ ಮೂವತ್ತು ವರ್ಷ ಸುತ್ತಲ ಹಳ್ಳಿಗಳ ಮದುಮಕ್ಕಳು, ಕುಲಾವಿಯ ಕೂಸುಗಳು, ಪೈಲ್ವಾನರು, ಬೀಗರು ಎಲ್ಲರೂ ಆ ಮರಳಿನ ಮುಂದೆ ನಿಂತು ಉಸಿರು ಬಿಗಿಹಿಡಿದಿದ್ದಾರೆ. ಬಹಳ ಜನ ಹೊಸ ಚಪ್ಪಲಿ ಮೆಟ್ಟಿಕೊಂಡೇ ಬರುತ್ತಿದ್ದರು, ಅದು ಫೋಟೋದಲ್ಲಿ ಬರಲೇಬೇಕೆಂದು ಅಪ್ಪನಿಗೆ ತಾಕೀತು ಮಾಡುತ್ತಿದ್ದರು.

ಈ ಪರದೆಯಿಂದಾಗಿ ಅಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ಬಂದವರಲ್ಲಿ ಹತ್ತಕ್ಕೊಬ್ಬರಾದರೂ ಕಿಸಕ್ಕನೆ ನಕ್ಕು, "ಏನ್ರಿ ಇದು, ಜ್ವಾಳದ ರಾಶಿ ಮುಂದ ಒಂಟಿ ಯಾಕ ನಿಂತೈತಿ? ಮೇಯಾಕ ಬಂದೈತೇನು?" ಎಂದು ಕೇಳಿಯೇ ಕೇಳುವರು. ಅಪ್ಪನ ಮುಖ ಕೆಂಪಾಗುತ್ತಿತ್ತು. "ರಾಶಿ ಅಲ್ರಿ ಅದು, ಮರುಭೂಮಿ!" ಎಂದು ಗುಡುಗಿ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಒಬ್ಬ ಮಾಸ್ತರರು ಎಲ್ಲರೆದುರಿಗೆ, ಮರುಭೂಮಿಯ ಮರಳು ಹೀಗೆ ಇರುವುದೇ ಇಲ್ಲ ಎಂದು ಪಾಠ ಮಾಡಿ ಹೋದ ದಿನ ಅಪ್ಪ ಮಧ್ಯಾಹ್ನದ ಊಟ ಬಿಟ್ಟಿದ್ದು ನನಗೆ ಇನ್ನೂ ನೆನಪಿದೆ.

ಆಮೇಲೆ ಕಾಲ ಬದಲಾಯಿತು. ಸ್ಟುಡಿಯೋ ನನ್ನ ಕೈಗೆ ಬಂತು. ಈಗ ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ, ಹಿಂದೆ ಬೇಕಾದರೆ ಹಿಮಾಲಯವನ್ನೇ ತಂದು ಕೂರಿಸುತ್ತೇನೆ. ಪರದೆ ಬಿದಿರಿಗೆ ಸುತ್ತಿಕೊಂಡು ಮೂಲೆ ಸೇರಿತು. ಅಪ್ಪ ಮಾತ್ರ ಎಂಬತ್ತರ ಹತ್ತಿರ ಬಂದರೂ ದಿನಾ ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಗಿರಾಕಿಗಳ ಕಾಲರು ಸರಿಮಾಡುವ ಕೆಲಸವನ್ನು ಯಾರಿಗೂ ಬಿಟ್ಟುಕೊಡದೆ ನಡೆಸಿಕೊಂಡು ಬಂದಿದ್ದಾನೆ.

ಹೀಗಿರುವಾಗ ಶಿವರಾತ್ರಿ ಮುಗಿದ ಮೇಲೆ ರಾಜಸ್ಥಾನಕ್ಕೆ ಹೊರಟ ಪ್ರವಾಸದ ಬಸ್ಸಿನಲ್ಲಿ ನನಗೊಂದು ಸೀಟು ಸಿಕ್ಕಿತು. ಗೋಕಾಕದಿಂದ ಹೊರಡುವ ಬಸ್ಸು. ಘೋಡಗೇರಿ, ಅಂಕಲಗಿ, ಹುಕ್ಕೇರಿ ಕಡೆಯ ಒಕ್ಕಲುತನದವರೇ ಹೆಚ್ಚು. ಮರುಭೂಮಿಯಲ್ಲಿ ಒಂದು ಸಂಜೆ, ಒಂದು ಮುಂಜಾನೆ ಮಾತ್ರ. ಹೊರಡುವ ಹಿಂದಿನ ದಿನ ಅಪ್ಪ ನನ್ನನ್ನು ಒಳಕೋಣೆಗೆ ಕರೆದು, ಆ ಬಿದಿರಿನ ಮೇಲೆ ಕೈಯಿಟ್ಟುಕೊಂಡು, ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ: "ಸುಮಾ, ಯಾರ ಮುಂದೂ ಹೇಳಿಲ್ಲ. ಕ್ಯಾಲೆಂಡರನ್ಯಾಗ ಬೆರಳಿನಷ್ಟ ಒಂದು ಚಿತ್ರ ಇತ್ತು, ಅದರಾಗ ಏನೂ ತಿಳೀಲಿಲ್ಲ. ನಾಗನೂರ ಹೊಲದಾಗ ರಾಶಿ ಮಾಡಿದ್ರು. ಅದರ ಮುಂದ ಕುಂತು ಅದನ್ನ ನೋಡಿ ಬರದೀನಿ." ಸ್ವಲ್ಪ ತಡೆದು, "ನಾ ಮಂದಿಗಿ ಮೂವತ್ತ ವರ್ಷ ಸುಳ್ಳ ಹೇಳೀನೋ ಖರೆ ಹೇಳೀನೋ ನೋಡಕೊಂಡು ಬಾ. ಒಂದ ಫೋಟೋ ತಗೊಂಡು ಬಾ ಸಾಕು. ಮಗಳಂತ ಮುಲಾಜು ಮಾಡಬ್ಯಾಡ" ಎಂದ.

ಆ ಮಾಸ್ತರರು ಹೇಳಿದ್ದೇ ನಿಜವಾಗಿದ್ದರೆ ಯಾವ ಮುಖ ಹೊತ್ತು ವಾಪಸು ಬರಲಿ? ಬಸ್ಸಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕರದಂಟು ಹಂಚಿಕೊಂಡು ಹರಟುತ್ತಿದ್ದರೆ ನಾನು ಕ್ಯಾಮೆರಾದ ಚೀಲ ತಬ್ಬಿಕೊಂಡು ಸುಮ್ಮನೆ ಕೂತಿದ್ದೆ. ಪರದೆಯ ವಿಷಯ ಯಾರಿಗೂ ಬಾಯಿ ಬಿಡಲಿಲ್ಲ. ಅದು ಅಪ್ಪನ ಗುಟ್ಟು, ಅದನ್ನು ಹಂಚುವ ಹಕ್ಕು ನನ್ನದಲ್ಲ.

ಮರುಭೂಮಿ ತಲುಪಿದ ಸಂಜೆ ನಾನು ಸೋತೆ. ನಿಮ್ಮಲ್ಲಿ ಯಾರಾದರೂ ಮರುಭೂಮಿಯ ಫೋಟೋ ತೆಗೆಯಲು ಹೊರಟಿದ್ದರೆ ನನ್ನ ಅನುಭವ ಕೇಳಿಕೊಂಡು ಹೋಗಿ. ಮದುವೆ ಫೋಟೋದವರ ಧರ್ಮವೇನು? ಯಾರನ್ನೂ ಬಿಡಬಾರದು. ಒಬ್ಬ ಸೋದರಮಾವ ಚೌಕಟ್ಟಿನಿಂದ ಹೊರಗುಳಿದರೂ ಊಟದ ಪಂಕ್ತಿಯಲ್ಲಿ ರಂಪವಾಗುತ್ತದೆ. ಮರುಭೂಮಿಯ ಧರ್ಮ ಅದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲವನ್ನೂ ಬಿಡುತ್ತ ಬಿಡುತ್ತ ಹೋಗಬೇಕು, ಕಂಬ ಬಿಡಬೇಕು, ಜೀಪು ಬಿಡಬೇಕು, ಅರ್ಧ ಆಕಾಶವನ್ನೂ ಬಿಡಬೇಕು. ಉಳಿದ ಒಂದು ಗೆರೆ, ಒಂದು ನೆರಳು ಸಾಕು ಎನ್ನುವ ಧೈರ್ಯ ಬರಬೇಕು. ನನಗೆ ಆ ಧೈರ್ಯವಿರಲಿಲ್ಲ. ಕಣ್ಣಿಗೆ ಇಡೀ ಬಯಲು ಕಾಣುತ್ತಿತ್ತು, ಫೋಟೋದಲ್ಲಿ ಒಗೆದು ಒಣಹಾಕಿದ ದುಪ್ಪಟ್ಟಿ ಬರುತ್ತಿತ್ತು. ರೂಢಿಬಲದಿಂದ ಒಮ್ಮೆ ಮರಳಿನ ದಿಣ್ಣೆಗೇ "ಸ್ವಲ್ಪ ಈ ಕಡೆ ನೋಡ್ರಿ" ಎಂದೂಬಿಟ್ಟೆ. ಪುಣ್ಯಕ್ಕೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಜನಜಂಗುಳಿಯಿಂದ ದೂರ ಒಂದು ದಿಣ್ಣೆ ಕಂಡಿತು. ಯಾರೂ ತುಳಿಯದ, ಗಾಳಿಯ ಸಣ್ಣ ಗೆರೆಗಳಷ್ಟೇ ಮೂಡಿದ್ದ, ನೆತ್ತಿಯಲ್ಲಿ ಒಂದೇ ಎಳೆಯಲ್ಲಿ ಬಾಗಿ ಇಳಿದ ದಿಣ್ಣೆ. ಕಂಡದ್ದೇ ನನಗೆ ಅಪ್ಪನ ಪರದೆಯ ಆ ಬಾಗು ನೆನಪಾಯಿತು. ಸ್ಟ್ಯಾಂಡು ಊರಿ, ಕಣ್ಣು ಹಚ್ಚುವಷ್ಟರಲ್ಲಿ, ಅಯ್ಯೋ ಶಿವನೇ, ಬಸ್ಸಿನ ಮಂದಿಯೆಲ್ಲ ಹೋ ಎಂದು ಅದರ ಮೇಲೇ ನುಗ್ಗಿಬಿಟ್ಟರು. ಅಂಕಲಗಿಯ ಗಂಗವ್ವ ಮಾವಶಿ ಅರವತ್ತರ ಹೆಂಗಸು, ನೆತ್ತಿಗೆ ಹತ್ತಿ, ಸೀರೆ ಸುತ್ತಿಕೊಂಡು ಕೂತು, "ಯವ್ವಾ, ಜಾರಬಂಡಿ ಇದ್ದಂಗ ಐತಿ ನೋಡ!" ಎಂದು ಕಿರುಚುತ್ತ ಸರ್ರನೆ ಕೆಳಗಿಳಿದಳು. ಹಿಂದೆಯೇ ಇಪ್ಪತ್ತು ಜನ. ಮರಳೆಲ್ಲ ತುಳಿದ ಗದ್ದೆಯಂತಾಯಿತು. ಸೂರ್ಯ ಮುಳುಗಿದ. ನಾನು ಸಿಟ್ಟು ತಡೆಯಲಾರದೆ ಎಲ್ಲರ ಮೇಲೂ ಹರಿಹಾಯ್ದೆ, ಹರಿಹಾಯ್ದ ಮೇಲೆ ಅಳು ಬಂತು.

ಘೋಡಗೇರಿಯ ಈರಪ್ಪ ಕಾಕಾ ಆಗ ಹತ್ತಿರ ಬಂದರು. ತೀರ ಕಡಿಮೆ ಮಾತಿನವರು, ಬಿಳಿ ಟೋಪಿ, ಬಿಳಿ ಧೋತರ, ಜೀವನವೆಲ್ಲ ಹೊಲದಲ್ಲಿ ಕಳೆದವರು. ನನ್ನನ್ನು ಸಮಾಧಾನ ಮಾಡಲಿಲ್ಲ. ಒಂದು ಚಿಟಿಕೆ ಮರಳನ್ನು ಎತ್ತಿ, ಎದೆಯ ಮಟ್ಟದಿಂದ ಮೆಲ್ಲಗೆ ಬಿಟ್ಟು, ಅದು ಎತ್ತ ಹಾರುತ್ತದೆಂದು ನೋಡಿದರು. ಕಾಳು ತೂರುವ ಮುಂಚೆ ರೈತರು ಗಾಳಿ ನೋಡುವ ಬಗೆ ಅದು. "ಗಾಳಿ ಹೊಳ್ಳೇತಿ ತಂಗಿ. ಬೆಳಗಾಗೂದ್ರಾಗ ಎಲ್ಲಾ ಬಳದು ಸಾಪ್ ಮಾಡತೈತಿ. ಅಳಬ್ಯಾಡ" ಎಂದು ಹೊರಟುಹೋದರು.

ಡೇರೆ ಆ ರಾತ್ರಿಯಿಡೀ ಪಟಪಟ ಬಡಿದುಕೊಂಡಿತು. ಸೂರ್ಯ ಮೂಡುತ್ತಲೇ ಓಡಿಹೋಗಿ ನೋಡುತ್ತೇನೆ, ಆಹಾ! ದಿಣ್ಣೆ ನಿನ್ನೆಯದಕ್ಕಿಂತ ಚೆಲುವಾಗಿ, ಒಂದೂ ಹೆಜ್ಜೆಯಿಲ್ಲದೆ, ಈಗಷ್ಟೇ ಸುರಿದಂತೆ ನಿಂತಿದೆ. ಸೂರ್ಯ ಇನ್ನೂ ನೆಲಕ್ಕೆ ಅಂಟಿಕೊಂಡೇ ಇದ್ದ. ಮರುಭೂಮಿಯ ಕಲೆಯೆಲ್ಲ ಇರುವುದು ಈ ಅಡ್ಡ ಬೆಳಕಿನಲ್ಲಿ, ನೋಡಿ. ನೆತ್ತಿಯ ಸೂರ್ಯ ಎಲ್ಲವನ್ನೂ ತೋರಿಸಿ ಏನನ್ನೂ ಕಾಣಗೊಡುವುದಿಲ್ಲ. ಬದಿಯಿಂದ ಬಂದ ಬೆಳಕು ಒಂದೊಂದು ಗೆರೆಯ ಬೆನ್ನಿಗೂ ಒಂದು ನೆರಳು ಕಟ್ಟಿ, ಮರಳಿಗೆ ಮೈ ಕೊಡುತ್ತದೆ. ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. ಕ್ಯಾಮೆರಾ ಸ್ವಭಾವತಃ ಪುಕ್ಕಲು. ಹೊಳಪು ಹೆಚ್ಚು ಕಂಡರೆ ಬೆದರಿ ಎಲ್ಲವನ್ನೂ ಬೂದಿ ಬಣ್ಣಕ್ಕಿಳಿಸಿಬಿಡುತ್ತದೆ. ಮದುವೆಯಲ್ಲಿ ಬಿಳಿ ಧೋತರದ ಹಿರಿಯರು ಸಾಲಾಗಿ ಕೂತಾಗ ಅದಕ್ಕೆ ಧೈರ್ಯ ಹೇಳಿ ಒಂದಿಷ್ಟು ಬೆಳಕು ಹೆಚ್ಚು ಕೊಡುತ್ತೇವಲ್ಲ, ಇಲ್ಲಿಯೂ ಹಾಗೆಯೇ ಕೊಟ್ಟೆ. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಮರಳು ತನ್ನ ಬಣ್ಣಕ್ಕೆ ತಿರುಗಿತು. ಯಾವ ಬಣ್ಣ ಅನ್ನುತ್ತೀರಿ? ಬಿಳಿಯಲ್ಲ, ಹಳದಿಯಲ್ಲ, ನಮ್ಮ ಜೋಳದ ಬಣ್ಣ! ನಾನು ಕುಣಿದೆ. ನಿಜವಾಗಿ ಕುಣಿದೆ, ನಲವತ್ತೇಳರ ಹೆಂಗಸು, ಒಬ್ಬಳೇ, ಮರಳಿನಲ್ಲಿ.

ಒಂದು ಫೋಟೋ ತೆಗೆದೆ. ಬರೀ ದಿಣ್ಣೆ, ಬರೀ ಬೆಳಕು. ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅಷ್ಟು ಒಳ್ಳೆಯ ಫೋಟೋ ಇನ್ನೊಂದಿಲ್ಲ.

ಅಷ್ಟರಲ್ಲಿ ಹಿಂದೆ ಮಾತು ಕೇಳಿಸಿತು. ಹೊರಡುವ ಮುನ್ನ ಕೊನೆಯ ಸಲ ನೋಡೋಣವೆಂದು ಬಸ್ಸಿನವರೆಲ್ಲ ಬರುತ್ತಿದ್ದರು. ಇನ್ನೇನು ಮತ್ತೆ ಜಾರಬಂಡಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಮುಂದಿದ್ದ ಈರಪ್ಪ ಕಾಕಾ ದಿಣ್ಣೆಯ ಬುಡಕ್ಕೆ ಬಂದು ನಿಂತರು. ಒಮ್ಮೆ ತಲೆಯೆತ್ತಿ ನೋಡಿದರು. ಆಮೇಲೆ, ಉಸಿರಾಡಿದಷ್ಟು ಸಹಜವಾಗಿ, ಎರಡೂ ಕಾಲಿನ ಚಪ್ಪಲಿ ಬಿಟ್ಟು, ಬಗ್ಗಿ ಮರಳು ಮುಟ್ಟಿ, ಬೆರಳನ್ನು ಹಣೆಗೆ ಒತ್ತಿಕೊಂಡರು.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಹೇಳಬೇಕು. ಕಣದಲ್ಲಿ ತೂರಿದ ಕಾಳು ಗುಡ್ಡೆಯಾಗಿ ನಿಂತ ಮೇಲೆ ಅದು ಬರೀ ಜೋಳವಲ್ಲ, ರಾಶಿ. ರಾಶಿಯ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಗದ್ದಲ ಮಾಡುವುದಿಲ್ಲ. ಯಾರೂ ಕಲಿಸಿದ್ದಲ್ಲ, ನಡೆಯಲು ಕಲಿತಾಗಲೇ ಬಂದದ್ದು.

ಕಾಕಾನ ಹಿಂದಿದ್ದವರು ಒಬ್ಬೊಬ್ಬರೇ ಚಪ್ಪಲಿ ಬಿಟ್ಟರು. ಮೂವತ್ತು ಜನ. ನಿನ್ನೆ ಇದೇ ಮರಳಿನ ಮೇಲೆ ಹೊರಳಾಡಿದವರು ಇಂದು ಅದರ ಬುಡದಲ್ಲಿ ಬರಿಗಾಲಲ್ಲಿ, ಮಾತಿಲ್ಲದೆ ನಿಂತರು. ಗಂಗವ್ವ ಮಾವಶಿಗೇ ಮೊದಲು ಎಚ್ಚರವಾದದ್ದು. "ಏ ಕಾಕಾ, ಉಸುಕಿಗಿ ಯಾಕ ಚಪ್ಪಲಿ ಬಿಟ್ಟಿ?" ಎಂದು ಕೇಳಿದಳು, ತಾನೂ ಬರಿಗಾಲಲ್ಲೇ ನಿಂತು. ಕಾಕಾ ಗಲಿಬಿಲಿಗೊಂಡು ಕೆಳಗೆ ನೋಡಿಕೊಂಡರು. ನಾಚಿಕೆಯಿಂದ ಟೋಪಿ ಸರಿಮಾಡಿಕೊಳ್ಳುತ್ತ, "ಮುಂಜಮುಂಜಾನೆ ನೋಡಿದ್ನಲ್ಲಾ, ರಾಶಿ ಅನಿಸಿಬಿಡ್ತು. ಕಾಲು ತಾವ ಬಿಟ್ಟುವು" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರೂ ಚಪ್ಪಲಿಯನ್ನು ಮಾತ್ರ ಯಾರೂ ಮತ್ತೆ ಮೆಟ್ಟಲಿಲ್ಲ, ದಿಣ್ಣೆಯನ್ನೂ ಹತ್ತಲಿಲ್ಲ.

ನನ್ನ ಕಣ್ಣು ಮಂಜಾಗಿ ಕ್ಯಾಮೆರಾ ಹೊಂದಿಸುವುದೇ ಕಷ್ಟವಾಯಿತು. ಎರಡನೆಯ ಫೋಟೋ ತೆಗೆದೆ. ನೆಲಮಟ್ಟಕ್ಕೆ ಕೂತು, ಮುಂದೆ ಆ ಚಪ್ಪಲಿಗಳ ಸಾಲು, ಒಂದೊಂದಕ್ಕೂ ಮೊಳದುದ್ದದ ನೆರಳು, ಹಿಂದೆ ಜೋಳದ ಬಣ್ಣದ ದಿಣ್ಣೆ. ಮರುಭೂಮಿಯಲ್ಲಿ ಎಲ್ಲವನ್ನೂ ಬಿಡಬೇಕು ಎಂದೆನಲ್ಲ, ಇವನ್ನು ಬಿಡಲು ನನ್ನಿಂದ ಆಗಲಿಲ್ಲ.

ಊರಿಗೆ ಬಂದವಳೇ ಎರಡನ್ನೂ ದೊಡ್ಡದಾಗಿ ಮುದ್ರಿಸಿ, ಮೊದಲು ಬರೀ ದಿಣ್ಣೆಯದನ್ನು ಅಪ್ಪನ ಮುಂದಿಟ್ಟೆ. ಅಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ಚಂದ ಐತಿ" ಎಂದ, ಪರರ ಮನೆಯ ಕೂಸನ್ನು ನೋಡಿ ಹೇಳುವಂತೆ. ನಾನು, "ಥೇಟ್ ನಿನ್ನ ಪರದಿ ಇದ್ದಂಗ ಐತಪ್ಪ, ಬಾಗು ಸೈತ ಹಂಗ ಐತಿ!" ಎಂದರೆ, "ನೀ ಮಗಳು. ನಿನಗ ಹಂಗ ಕಾಣತೈತಿ" ಎಂದು ಕನ್ನಡಿ ಕೆಳಗಿಟ್ಟ. ನನಗೆ ಅಳುವೇ ಬಂತು. ಎರಡನೆಯದನ್ನೂ ಮುಂದಿಟ್ಟೆ.

"ಇವು ಯಾರ ಚಪ್ಪಲಿ?"

"ನಮ್ಮ ಬಸ್ಸಿನವರವಪ್ಪ. ಘೋಡಗೇರಿ ಕಾಕಾ ಒಬ್ರು ಮೊದಲ ಬಿಟ್ರು. ಅವರನ್ನ ನೋಡಿ ಎಲ್ಲಾರೂ ಬಿಟ್ರು. ರಾಶಿ ಅಂತ ತಿಳಕೊಂಡ್ರಂತ."

ಅಪ್ಪ ನನ್ನತ್ತ ತಿರುಗಿದ. "ನೀ ಏನರ ಹೇಳಿದ್ದೇನು ಅವರಿಗಿ? ನನ್ನ ಪರದಿ ವಿಷಯ?"

"ನಿನ್ನಾಣಿಗೂ ಇಲ್ಲ. ಒಂದ ಮಾತ ಸೈತ ಹೇಳಿಲ್ಲ."

ಅಪ್ಪ ಮತ್ತೆ ಭೂತಗನ್ನಡಿ ಎತ್ತಿಕೊಂಡ. ದಿಣ್ಣೆಯನ್ನು ನೋಡಲೇ ಇಲ್ಲ. ಚಪ್ಪಲಿಗಳ ಮೇಲೆ, ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ, ಈ ತುದಿಯಿಂದ ಆ ತುದಿಯವರೆಗೆ ಕನ್ನಡಿ ಸರಿಸುತ್ತ ಹೋದ. ಹರಿದ ಉಂಗುಟದ್ದು, ಹೊಲಿಸಿದ ಪಟ್ಟಿಯದ್ದು, ಪ್ಲಾಸ್ಟಿಕ್ಕಿನದು. ಕೊನೆಯದನ್ನು ನೋಡಿ ಮುಗಿಸಿ ನಗಲು ಶುರುಮಾಡಿದ. ಹಲ್ಲಿಲ್ಲದ ಬಾಯಿಂದ, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಕಾಣದ ಊರನ್ನು ನಾವು ಕಂಡ ಊರಿನಿಂದಲ್ಲದೆ ಇನ್ನಾವುದರಿಂದ ಕಟ್ಟಿಕೊಳ್ಳುತ್ತೇವೆ? ಎತ್ತಿನ ಕಾಲಿರುವ ಆ ಒಂಟೆಯನ್ನು ಕ್ಷಮಿಸಿಬಿಡೋಣ, ಅದು ಖಂಡಿತ ತಪ್ಪು, ನಾನೇ ಅಲ್ಲಿ ಹತ್ತಾರು ಒಂಟೆಗಳ ಕಾಲು ನೋಡಿ ಬಂದಿದ್ದೇನೆ. ಮರಳು ಮಾತ್ರ ತಪ್ಪಾಗಿರಲಿಲ್ಲ. ಅಪ್ಪ ನಾಗನೂರ ರಾಶಿಯ ಮುಂದೆ ಕೂತು ಬರೆಯುವಾಗ ಚಪ್ಪಲಿ ಬಿಟ್ಟಿದ್ದನೇ ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳುವ ಅಗತ್ಯ ಬೀಳಲಿಲ್ಲ.

ಕಳೆದ ವಾರ ಅಪ್ಪನ ಹಟಕ್ಕೆ ಪರದೆಯನ್ನು ಬಿಚ್ಚಿ ಮತ್ತೆ ತೂಗುಹಾಕಿದೆ. ಪುಡಿ ಉದುರಿತು, ಇಬ್ಬರೂ ಕೆಮ್ಮಿದೆವು, ಮರುಭೂಮಿ ಬಂತು. ನಾಗನೂರ ಕಡೆಯ ಮುದುಕ ದಂಪತಿ ಫೋಟೋಕ್ಕೆಂದು ಬಂದಿದ್ದರು, ಮದುವೆಯಾಗಿ ಐವತ್ತು ವರ್ಷವಂತೆ. ಯಜಮಾನರ ಕಾಲಲ್ಲಿ ಕಿರ್ರೆನ್ನುವ ಹೊಸ ಚಪ್ಪಲಿ. ನಾನು ಬೆಳಕು ಸರಿಮಾಡಿ ಇನ್ನೇನು ಒತ್ತಬೇಕು, ಹಿಂದಿನಿಂದ ಅಪ್ಪನ ದನಿ ಬಂತು. ಮೂವತ್ತು ವರ್ಷ ಇದೇ ಕೋಣೆಯಲ್ಲಿ ಇದೇ ಮಾತನ್ನು ಅಲ್ಲಗಳೆಯುತ್ತ ಬಂದವನ ದನಿ, ಈಗ ಹೆಮ್ಮೆಯಿಂದ ತುಂಬಿಕೊಂಡಿತ್ತು.

"ತಡೀರಿ ಯಜಮಾನ್ರ. ಚಪ್ಪಲಿ ಬಿಟ್ಟು ನಿಂದರ್ರಿ. ರಾಶಿ ಐತಿ ಅದು."

ಯಜಮಾನರು ತಿರುಗಿ ಪರದೆಯನ್ನು ಒಮ್ಮೆ ನೋಡಿದರು, ಚಪ್ಪಲಿ ಬಿಟ್ಟು ಬಂದು ನಿಂತರು.