ಶೆಡ್ಡಿನಲ್ಲಿ ಒಂದೇ ಕಾರಿಗೆ ಜಾಗ

ಇವತ್ತು ಬೆಳಿಗ್ಗೆ ನಮ್ಮ ಹಳೆಯ ಸ್ಪೋರ್ಟ್ಸ್ ಕಾರಿನ ಎಡಸೀಟಿಗೆ ಅರ್ಧ ನಿಂಬೆಹಣ್ಣು ತಿಕ್ಕುತ್ತಿದ್ದೆ, ಬಂಗುಡೆ ಮೀನಿನ ವಾಸನೆ ಹೋಗಲಿ ಅಂತ. ಹೋಗುವುದಿಲ್ಲವೆಂದು ನನಗೂ ಗೊತ್ತು, ಸೀಟಿಗೂ ಗೊತ್ತು. ಆದರೂ ಮುಂಬೈಯಿಂದ ತಮ್ಮ ಬರುತ್ತಾನೆಂದರೆ ಮರ್ಯಾದೆಯ ಪ್ರಶ್ನೆ ನೋಡಿ.

ಅಪ್ಪಯ್ಯ ಮುಂಬೈಯ ಗ್ಯಾರೇಜಿನಲ್ಲಿ ದುಡಿದವರು. ಯಾರೋ ಬೇಡವೆಂದು ಬಿಟ್ಟ ಈ ಎರಡು ಸೀಟಿನ, ಸೂರಿಲ್ಲದ ಕಾರನ್ನು ತಾನೇ ರಿಪೇರಿ ಮಾಡಿ ನಮ್ಮೂರು ನಾವುಂದಕ್ಕೆ ತಂದರು. ಆಮೇಲೆ ಮೀನು ವ್ಯಾಪಾರ. ಎಡಸೀಟಿನಲ್ಲಿ ಮೀನಿನ ಬುಟ್ಟಿ ಗತ್ತಿನಿಂದ ಕೂರುತ್ತಿತ್ತು. ಅಮ್ಮ ಬಸ್ಸಿನಲ್ಲಿ ಹೋಗುತ್ತಿದ್ದರು. ಅಪ್ಪಯ್ಯ ತೀರಿಹೋದ ಮೇಲೆ ಬುಟ್ಟಿಯೂ ಕಾರೂ ನನ್ನ ಪಾಲಿಗೆ ಬಂದವು.

ಹೋದ ವರ್ಷ ತಮ್ಮ ಗಣಪ ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಬಂದಿಳಿದ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಸಾಸ್ತಾನದ ಟೋಲಿನವರೆಗೆ ಕೂರಿಸಿಕೊಂಡು ಹೋದ. ಸೀಟು ಬೆನ್ನನ್ನು ಅಪ್ಪಿಕೊಳ್ಳುತ್ತದೆ, ಬ್ರೇಕು ಮುಟ್ಟಿದರೆ ಸಾಕು, ನಿಲ್ಲುತ್ತದೆ. ನೂರರಲ್ಲಿ ಹೋಗುತ್ತಿದ್ದರೂ ನನಗೆ ಆಕಳಿಕೆ ಬಂತು. ನಮ್ಮದರಲ್ಲಿ ನಲವತ್ತು ದಾಟಿದರೆ ದೇವರ ಹೆಸರು ಬಾಯಿಗೆ ಬರುತ್ತದೆ. ರಸ್ತೆಯ ಒಂದೊಂದು ಕಲ್ಲೂ ಸೊಂಟಕ್ಕೆ ಪರಿಚಯ.

ಮನೆಗೆ ಬಂದವನೇ ಅಂದ: "ಅಕ್ಕಾ, ಆ ಡಬ್ಬ ಗುಜರಿಗ್ ಹಾಕ್. ಶೆಡ್ಡಂಗೆ ನನ್ ಗಾಡಿ ನಿಲ್ಸ್ಕ್."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕಿರಿಮಂಜೇಶ್ವರದ ಕಡಲ್ ಬದಿಂದ ಯಾರ್ ಮೊದ್ಲ್ ಮೀನ್ ತತ್ರೋ, ಅವ್ರ್ ಗಾಡಿಗೆ ಶೆಡ್ಡ್!" ಎಂದುಬಿಟ್ಟೆ.

ಅವನು ಸುಂಯ್ ಅಂತ ಹೋದ. ನಾನು ತಲುಪುವಾಗ ಅವನ ಕಾರು ಮರಳಿನಲ್ಲಿ ಹೊಟ್ಟೆಯೂರಿ ಕೂತಿತ್ತು. ನಗುತ್ತ ನಗುತ್ತ, ಮೀನಿನವರ ಅಭ್ಯಾಸದಂತೆ ಗಾಡಿಯನ್ನು ದೋಣಿಯ ಹತ್ತಿರಕ್ಕೇ ಇಳಿಸಿದೆ. ನನ್ನದೂ ಹೂತುಹೋಯಿತು!

ದೋಣಿಯನ್ನು ದಡಕ್ಕೆ ಎಳೆದು ಮುಗಿಸಿದ್ದ ಎಂಟು ಜನ ಮೀನುಗಾರರು ಬಂದರು. ಗಣಪನ ಕಾರಿಗೆ ಕೈ ಹಾಕಿ "ಐಸಾ" ಎಂದರು, ಅದು ಅಲುಗಲಿಲ್ಲ.

"ಇದ್ ಟ್ರ್ಯಾಕ್ಟರ್ ಬರ್ದೆ ಏಳ್ತಿಲ್ಲೆ," ಎಂದರು ಅವರ ಮುಂದಾಳು ಶೀನಣ್ಣ. ನನ್ನ ಕಾರಿನತ್ತ ತಿರುಗಿದವರೇ, "ಹ್ವಾಯ್, ಇದೆಂತ, ಸಣ್ಣ್ ದೋಣಿ ಅಲ್ದಾ? ಎತ್ತಿನಿ!" ಎಂದು ಕೂಗಿದರು.

ದೋಣಿಗೆ ನಿಲ್ಲುವಂತೆಯೇ ಆ ಬದಿ ನಾಲ್ವರು, ಈ ಬದಿ ನಾಲ್ವರು. "ಐಸಾ!" ಕಾರು ಎದ್ದಿತು! ಹಿಂದಿನ ಚಕ್ರಗಳ ಕೆಳಗೆ ನನಗೆ ಕಡಲು ಕಾಣಿಸಿತು. ಮೊದಲು ಹಿಂಬದಿ, ಆಮೇಲೆ ಮುಂಬದಿ, ಹೀಗೆ ಎತ್ತೆತ್ತಿ ಗಟ್ಟಿ ನೆಲಕ್ಕಿಟ್ಟರು. ಎಡಸೀಟಿನಲ್ಲಿ ಬಂಗುಡೆ ಬುಟ್ಟಿ ಕೂರಿಸಿ, ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತ ಮನೆ ಸೇರಿದೆ. ಅಪ್ಪಯ್ಯನ ಕಾರು ಗೆದ್ದಿತು ಮಾರಾಯ್ರೆ, ಗೆದ್ದಿತು!

ಇವತ್ತು ನಿಂಬೆಹಣ್ಣು ಇನ್ನೂ ಕೈಯಲ್ಲಿರುವಾಗಲೇ ಗಣಪ ಬಂದ. ಶೆಡ್ಡಿನ ಸುದ್ದಿಗೇ ಹೋಗದೆ, ತಲೆಯ ಮೇಲೆ ತೆಂಗಿನಕಾಯಿ ಬೀಳದ ಮೂಲೆ ಹುಡುಕಿ ಹೊಸ ಕಾರು ನಿಲ್ಲಿಸಿದ. ಚೀಲ ಇಳಿಸುವ ಮೊದಲೇ ಕೈ ಚಾಚಿದ.

"ಅಕ್ಕಾ, ಕೀ ಕೊಡ್. ಮೀನಿಗೆ ನಾನ್ ಹೋತೆ."

ಒಳಗೆ ಕೂತು ಮೂಗೆಳೆದವನು ಮುಖ ಸಿಂಡರಿಸಿದ. "ಸೀಟ್ ಎಂತಕ್ ತಿಕ್ಕಿದೆ? ಹೀಂಗ್ ತಿಕ್ಕಿರೆ ಅಪ್ಪಯ್ಯನ ವಾಸ್ನೆ ಹೋತ್ತಲ್ದಾ?"

ಉಳಿದರ್ಧ ನಿಂಬೆಹಣ್ಣನ್ನು ಅವನ ಶರಬತ್ತಿಗೆ ಹಿಂಡಿದೆ.