ಆಯಮ್ಮ ಶಾಲೆಗೆ ಸೇರಿದ್ದು

ಅವರ ಎಡಗೈಯಲ್ಲಿ ಒಂದೇ ಒಂದು ಸ್ಟೀಲ್ ಬಳೆಯಿತ್ತು. ಆ ಬಳೆಯ ಸುತ್ತ ಸೇಫ್ಟಿ ಪಿನ್ನುಗಳು. ಒಮ್ಮೆ ಎಣಿಸಿದಾಗ ಹದಿನಾಲ್ಕಿದ್ದವು. ಗುಂಡಿ ಕಿತ್ತ ಅಂಗಿ, ಜಿಪ್ ಕೆಟ್ಟ ಚಡ್ಡಿ, ಹೊಲಿಗೆ ಬಿಟ್ಟ ಲಂಗ, ಪಟ್ಟಿ ಹರಿದ ಬ್ಯಾಗು, ಎಲ್ಲಕ್ಕೂ ಅವರ ಹತ್ತಿರ ಅದೊಂದೇ ಮದ್ದು. ಆರ್.ಟಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ಮೂವತ್ತೆರಡು ವರ್ಷ ಆಯಾ ಆಗಿದ್ದವರು. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಪಿನ್ನುಗಳನ್ನು ಬಿಚ್ಚಿಟ್ಟಿರಲಿಲ್ಲ. ಬೀದಿಯಲ್ಲಿ ಯಾವ ಮಗುವಿನ ಬಟ್ಟೆ ಹರಿದಿದ್ದು ಕಂಡರೂ ಹಿಡಿದು ನಿಲ್ಲಿಸಿ ಪಿನ್ನು ಚುಚ್ಚಿ ಕಳಿಸುತ್ತಿದ್ದರು. ಇಡೀ ಬೀದಿಗೆ ಅವರು ಆಯಮ್ಮ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನನಗೂ ಆಯಮ್ಮನೇ.

ನಾನು ಹೆಬ್ಬಾಳದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ವಾರವಿಡೀ ನನ್ನನ್ನು ಕಂಡು ಮುಖ ಕಿವುಚುವವರನ್ನೇ ನೋಡಿ ನೋಡಿ, ಭಾನುವಾರ ಮಧ್ಯಾಹ್ನ ಒಂದು ಆಟ ಇಟ್ಟುಕೊಂಡಿದ್ದೆ. ಕಂಪ್ಯೂಟರ್ ಆಟವಲ್ಲ. ಒಂದು ಚಾಪೆ, ಪೆನ್ಸಿಲ್ಲು, ಇಪ್ಪತ್ತು ಮುಖದ ಒಂದು ದಾಳ ಮತ್ತು ಉದ್ದನೆಯ ನೋಟ್‌ಬುಕ್ಕು. ನಾವು ಮೂವರು ಸೇರಿ ಒಂದು ಮಾಯಾಶಾಲೆಯನ್ನು ಕಟ್ಟುತ್ತಿದ್ದೆವು. ಕಟ್ಟಿದ ಮೇಲೆ ಅದರೊಳಗೆ ಮೇಷ್ಟ್ರುಗಳಾಗಿ, ಮಕ್ಕಳಾಗಿ ಮಾತಾಡುತ್ತ ಕತೆ ನಡೆಸುತ್ತಿದ್ದೆವು. ಮಾಡಲು ಹೊರಟ ಕೆಲಸ ಕೈಗೂಡಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳಬೇಕು. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿಯೊಂದರಲ್ಲಿ ಕೆಲಸ ಮಾಡುವ ಮಂಜ ಒಬ್ಬ. ಇದೇ ಬೀದಿಯಲ್ಲಿ ಬೆಳೆದವನು, ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದವರೇ ಆಯಮ್ಮ. ಎರಡು ಬೀದಿ ಆಚೆ ಮಕ್ಕಳಿಗೆ ಟ್ಯೂಷನ್ ಹೇಳುವ ಸಲ್ಮಾ ಇನ್ನೊಬ್ಬಳು. ಕತೆ ನಡೆಸುವ ಯಜಮಾನಿಕೆ ನನ್ನದು.

ಆಟಕ್ಕೆ ಒಂದು ಕಟ್ಟುಪಾಡಿತ್ತು. ಪ್ರತಿ ಭಾನುವಾರ ಒಬ್ಬೊಬ್ಬರೂ ಶಾಲೆಗೆ ಒಂದೊಂದು ಹೊಸದನ್ನು ಸೇರಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆದದ್ದನ್ನು ಯಾರೂ ಹೊಡೆದುಹಾಕುವಂತಿಲ್ಲ. ಇಷ್ಟವಾಗದಿದ್ದರೆ ಒಂದು ಪ್ರಶ್ನೆ ಕೇಳಬಹುದು, ಅಷ್ಟೇ. ನಿಯಮದ ವಿಷಯದಲ್ಲಿ ನಾನು ಬಲು ಖಡಕ್ಕು. ಮಂಜ ಒಮ್ಮೆ ದಾಳವನ್ನು ಎರಡು ಸಲ ಉರುಳಿಸಿದ ಅಂತ ಹದಿನೈದು ದಿನ ಅವನೊಡನೆ ಮಾತು ಬಿಟ್ಟಿದ್ದೆ.

ಶಾಲೆಯಿದ್ದದ್ದು ಹೆಸರಘಟ್ಟದ ಕೆರೆಯ ತಳದಲ್ಲಿ. ಏಳು ಗೋಪುರ, ಪುಸ್ತಕಗಳು ಮೀನಿನ ಹಾಗೆ ಓಡಾಡುವ ಗ್ರಂಥಾಲಯ, ಏಳುನೂರು ವರ್ಷದ ಹೆಡ್‌ಮೇಷ್ಟ್ರು. ಒಂದು ಭಾನುವಾರ ಇದನ್ನೆಲ್ಲ ನಾವು ಜೋರಾಗಿ ಓದಿಕೊಳ್ಳುತ್ತಿದ್ದಾಗ, ಟ್ಯಾಂಕು ತುಂಬಿತೋ ಇಲ್ಲವೋ ನೋಡಲು ಮೇಲೆ ಬಂದಿದ್ದ ಆಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರು ಹೆಸರಘಟ್ಟದ ಕಡೆಯವರೇ. ಎಷ್ಟು ವರ್ಷ ಪೇಟೆಯಲ್ಲಿದ್ದರೂ ಹಕಾರ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ.

"ಅಲ್ಲಾ ಮಗ," ಎಂದರು, "ಮಕ್ಳು ಒಂದಕ್ಕೆ ಎಲ್ಲಿಗೋಯ್ತವೆ?"

ಏಳು ಗೋಪುರ ಕಟ್ಟಿದ್ದೆವು, ಒಂದು ಶೌಚಾಲಯ ಕಟ್ಟಿರಲಿಲ್ಲ. ಮಂಜ ಕಿಸಕ್ಕನೆ ನಕ್ಕ.

"ನಗ್ಬ್ಯಾಡ. ನೀನು ಎಷ್ಟ್ ಸಲ ಚಡ್ಡೀಲೇ ಮಾಡ್ಕೊಂಡಿದ್ದೆ ಅಂತ ಇವ್ರಿಗೆ ಏಳ್ಲಾ?"

ಅಲ್ಲಿಂದ ಪ್ರತಿ ವಾರವೂ ಟ್ಯಾಂಕು ನೋಡುವ ನೆಪ ಅವರಿಗೆ ಸಿಕ್ಕಿತು. ಬಾಗಿಲಿಗೆ ಒರಗಿ ನಿಂತು ಒಂದೇ ಒಂದು ಪ್ರಶ್ನೆ ಕೇಳುವರು. ನಮ್ಮ ವಾರದ ಕಟ್ಟಡವೆಲ್ಲ ದಡಾರನೆ ಬೀಳುವುದು. ಕೆರೆ ಒಣಗಿದ ವರ್ಷ ಮಕ್ಕಳನ್ನು ಎಲ್ಲಿ ಇಡ್ತೀರ? ಹಾರುವುದಕ್ಕೆ ಹೆದರುವ ಮಗು ಮನೆಗೆ ಹೇಗೆ ಹೋಗಬೇಕು? ಮೊದಲ ದಿನ ಅಳುವ ಮಗುವನ್ನು ಮಂತ್ರದಿಂದ ನಗಿಸುತ್ತೇವೆ ಎಂದು ಸಲ್ಮಾ ಬರೆದಾಗ ಆಯಮ್ಮ ತಲೆಯಾಡಿಸಿದರು. "ಅಳೋ ಮಗೀನ ನಗಿಸ್ಬಾರ್ದು. ಯಾಕೆ ಅಂತಾನೂ ಕೇಳ್ಬಾರ್ದು. ಈ ಡಬ್ಬ ವಸಿ ಇಡ್ಕೋ ಅಂತ ಕೈಗೊಂದ್ ಕೆಲ್ಸ ಕೊಡ್ಬೇಕು." ನಾನು ಲ್ಯಾಬಿನಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಸೂಜಿ ಕಂಡು ಅಳುವ ಮಗುವಿಗೆ ಹತ್ತಿಯುಂಡೆ ಹಿಡಿದುಕೋ ಎಂದು ಕೊಟ್ಟರೆ ಅಳು ಅರ್ಧ ಇಳಿಯುತ್ತದೆ.

ನಾಲ್ಕೈದು ತಿಂಗಳಾದ ಮೇಲೆ ಅವರನ್ನೂ ಆಟಕ್ಕೆ ಸೇರಿಸಿಕೊಳ್ಳೋಣ ಎಂದು ನಾನೇ ಹೇಳಿದೆ. ಪಾತ್ರವನ್ನೂ ನಾನೇ ಆರಿಸಿದೆ. ನಮ್ಮ ಶಾಲೆಯ ಮಕ್ಕಳು ಪೊರಕೆಯ ಮೇಲೆ ಕೂತು ಕೆರೆಯಿಂದ ಮೇಲಕ್ಕೆ ಹಾರುತ್ತಾರೆ. ಆ ಪೊರಕೆಗಳ ಬೀಗದ ಕೈ ಯಾರ ಬಳಿಯಿದೆಯೋ ಅವರ ಅಪ್ಪಣೆಯಿಲ್ಲದೆ ಹೆಡ್‌ಮೇಷ್ಟ್ರೂ ಹಾರುವಂತಿಲ್ಲ. ಶಾಲೆಯಲ್ಲಿ ಅದಕ್ಕಿಂತ ದೊಡ್ಡ ಹುದ್ದೆಯೇ ಇಲ್ಲ. ಆಯಮ್ಮ ‘ಪೊರಕೆ ಭಂಡಾರದ ಅಧಿಕಾರಿ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಮಂಜ ಯಶವಂತಪುರದಿಂದ ಹೊಸ ತೆಂಗಿನ ಕಡ್ಡಿ ಪೊರಕೆ ತಂದ. ಸಲ್ಮಾ ಅದಕ್ಕೆ ಜರಿ ರಿಬ್ಬನ್ ಕಟ್ಟಿದಳು. ಆಯಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಚಪ್ಪಾಳೆ ತಟ್ಟಿ, ಪೊರಕೆಯನ್ನು ಅವರ ಕೈಗಿಟ್ಟೆವು.

ಅವರು ಅದನ್ನು ತಿರುಗಿಸಿ ನೋಡಿದರು. "ಚೆನ್ನಾಗೈತೆ. ಕಡ್ಡಿ ಗಟ್ಟಿಯಾಗವೆ," ಎಂದರು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಎದ್ದರು. ಇಳಿಯುತ್ತ, ರಿಬ್ಬನ್ ಕಟ್ಟಿದ ಆ ಪೊರಕೆಯಿಂದಲೇ ಒಂದೊಂದು ಮೆಟ್ಟಿಲನ್ನೂ ಗುಡಿಸಿಕೊಂಡು ಹೋದರು. ಆ ಸದ್ದು ಕೇಳಿ ನಾವು ನಕ್ಕೆವು. ಅವರಿಗೆ ಖುಷಿಯಾಗಿದೆ ಎಂದುಕೊಂಡೆವು.

ಮೂರು ಭಾನುವಾರ ಅವರು ಮೇಲೆ ಬರಲಿಲ್ಲ. ಗೇಟಿನಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುತ್ತಿದ್ದರು, ಅಷ್ಟೇ. ನಾಲ್ಕನೆಯ ವಾರ ನಾನೇ ಕೆಳಗೆ ಹೋದೆ. ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಎದುರು ಕೂತೆ.

"ಯಾಕೆ ಆಯಮ್ಮ, ಸ್ಕೂಲ್ ಕಡೆ ತಲೆನೇ ಹಾಕ್ತಿಲ್ಲ?"

ಅವರು ಇನ್ನೆರಡು ಕಾಯಿ ಬಿಡಿಸಿದರು.

"ನಾನು ನಾಕ್ನೇ ಕ್ಲಾಸಿಗೆ ಬಿಟ್ಟೋಳು ಮಗ. ತಮ್ಮ ಉಟ್ಟಿದ್ದ, ಅವನ್ನ ಎತ್ಕೊಳಕ್ಕೆ ಜನ ಬೇಕಿತ್ತು. ಆಮೇಲೆ ಮೂವತ್ತೆರಡ್ ವರ್ಷ ಸ್ಕೂಲಲ್ಲೇ ಇದ್ದೆ, ಬಾಗ್ಲಾಚೆ. ಒಳಗೆ ಪಾಠ ಮಾಡೋದು ಕೇಳಿಸ್ತಿತ್ತು. ಆ ಬೆಂಚ್‌ಗಳನ್ನ ದಿನಾ ಒರೆಸಿದೀನಿ. ಒಂದಿನ ಕೂತಿಲ್ಲ." ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. "ನಿಮ್ದು ಸುಳ್ಳು ಸ್ಕೂಲ್ ತಾನೆ? ಸುಳ್ಳು ಸ್ಕೂಲಲ್ಲೂ ನಾನೇ ಪೊರಕೆ ಇಡ್ಕೋಬೇಕಾ?"

ನನಗೆ ಮುಖ ಎತ್ತಲು ಆಗಲಿಲ್ಲ. ಏನು ಬೇಕಾದರೂ ಆಗಬಹುದಾದ ಜಾಗ ಎಂದು ನಾನೇ ಸಾರಿಕೊಂಡು ಬಂದಿದ್ದ ಶಾಲೆಯಲ್ಲಿ, ಆಯಮ್ಮ ಎಂದೊಡನೆ ನನಗೆ ಹೊಳೆದದ್ದು ಪೊರಕೆ. ಅದನ್ನು ಗೌರವ ಅಂತ ಬೇರೆ ಕರೆದಿದ್ದೆ. ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ. ಆಮೇಲೆ ಆಟಕ್ಕೆ ಹೊಸಬರು ಬಂದಾಗೆಲ್ಲ ನಾನು ಪಾತ್ರ ಕೊಡುವುದನ್ನು ಬಿಟ್ಟು ಏನಾಗಬೇಕು ಎಂದು ಕೇಳುತ್ತೇನೆ. ಇದು ಅವರಿಂದ ಕಲಿತದ್ದು.

"ಏನಾಗ್ಬೇಕು ನಿಮಗೆ?" ಎಂದು ಅವತ್ತು ಕೇಳಿದೆ.

"ಉಡುಗಿ. ನಾಕ್ನೇ ಕ್ಲಾಸು. ಇಂದ್ಗಡೆ ಬೆಂಚು."

ಆದರೆ ಬರೆದದ್ದನ್ನು ಹೊಡೆಯುವಂತಿಲ್ಲವಲ್ಲ? ಅಧಿಕಾರಿ ನೋಟ್‌ಬುಕ್ಕಿನಲ್ಲಿ ಕೂತುಬಿಟ್ಟಿದ್ದರು. ನನ್ನ ಪೇಚಾಟ ನೋಡಿ ಆಯಮ್ಮನೇ ದಾರಿ ತೋರಿಸಿದರು: "ಆ ಯಮ್ಮ ರಿಟೈರಾದ್ಲು ಅಂತ ಬರಿ." ಬರೆದೆ. ಮುಂದಿನ ಭಾನುವಾರ ಅವರು ಮೇಲೆ ಬಂದಾಗ, ಹಾಗಾದರೆ ಇನ್ನು ಮುಂದೆ ಗುಡಿಸುವವರು ಯಾರು ಎಂದು ಮಂಜ ಕೇಳಿದ. ಪೊರಕೆಗಳು ತಾವೇ ಗುಡಿಸಿಕೊಳ್ಳುತ್ತವೆ ಎಂದಳು ಸಲ್ಮಾ. ಆಯಮ್ಮ ಒಪ್ಪಲಿಲ್ಲ, ಅಂಥ ಪೊರಕೆಯಿದ್ದರೆ ಮಕ್ಕಳು ಇನ್ನಷ್ಟು ಕಸ ಹಾಕುತ್ತವಂತೆ. "ಎಡ್ಮೇಷ್ಟ್ರು ಗುಡಿಸ್ಲಿ," ಎಂದರು. ಏಳುನೂರು ವರ್ಷದ ನಮ್ಮ ಹೆಡ್‌ಮೇಷ್ಟ್ರು ಅಂದಿನಿಂದ ಸೊಂಟ ಬಗ್ಗಿಸಿದರು.

ಅವರು ಒಳ್ಳೆಯ ವಿದ್ಯಾರ್ಥಿನಿಯಾಗುತ್ತಾರೆ, ಮುಂದಿನ ಬೆಂಚಿಗೆ ಬಂದುಬಿಡುತ್ತಾರೆ ಎಂದು ನಾನು ಎಣಿಸಿದ್ದೆ. ಎಲ್ಲಿಯ ಮಾತು! ಅಂಥ ತುಂಟ ಹುಡುಗಿಯನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ. ಪಾಠ ಶುರುವಾದ ಕೂಡಲೇ ಕಿರುಬೆರಳು ಎತ್ತಿ ಒಂದಕ್ಕೆ ಹೋದವಳು ಕೆರೆಯ ಏರಿಯ ಮೇಲೆ ತಿರುಗುತ್ತಿದ್ದಳು. ಹೆಡ್‌ಮೇಷ್ಟ್ರು ತೂಕಡಿಸುವಾಗ ಗಡ್ಡಕ್ಕೆ ಜಡೆ ಹಾಕಿ ಕುರ್ಚಿಯ ಕಾಲಿಗೆ ಕಟ್ಟಿದಳು. ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡಳು. ನಮ್ಮ ಶಾಲೆಯಲ್ಲಿ ಪ್ರತಿ ಮಗುವೂ ತನ್ನದೇ ಒಂದು ಮಂತ್ರ ಕಟ್ಟಬೇಕು. ಅವಳು ಕಟ್ಟಿದ್ದು ಮನೆಗೆ ಬಿಡುವ ಗಂಟೆಯನ್ನು ಬೇಗ ಹೊಡೆಸುವ ಮಂತ್ರ. ಮೂವತ್ತೆರಡು ವರ್ಷ ಒಂದು ನಿಮಿಷ ಆಚೀಚೆಯಾಗದಂತೆ ಗಂಟೆ ಹೊಡೆದವರು ಅದನ್ನು ಹೇಳಿ ದಾಳ ಉರುಳಿಸುವಾಗ ಕಣ್ಣು ಮಿನುಗುತ್ತಿತ್ತು. ಮೊದಮೊದಲು ದಾಳವನ್ನೇ ಅವರು ನಂಬಿರಲಿಲ್ಲ. "ಇದೇನ್ ಮಗ, ನೆಲ್ಲಿಕಾಯ್ ಇದ್ದಂಗೈತೆ," ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವಳ ತಪ್ಪುಗಳ ಪಟ್ಟಿ ಬೆಳೆಯಿತು. ಬರೆಯುವಾಗ ಅವರು ಪಕ್ಕದಲ್ಲಿ ಕೂತು ಏನೂ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಿದ್ದರು.

ಒಂದೇ ಒಂದು ಸಲ ಅವರಿಗೆ ನಿಜವಾದ ಸಿಟ್ಟು ಬಂತು. ಟೀಚರ್ ಆಗಿದ್ದ ಸಲ್ಮಾ ಆಟದ ಹುಮ್ಮಸ್ಸಿನಲ್ಲಿ, "ಹೊರಗಡೆ ನಿಂತ್ಕೋ ಹೋಗು!" ಎಂದಳು. ಆಯಮ್ಮ ಪೆನ್ಸಿಲ್ ಕೆಳಗಿಟ್ಟರು. "ಅದು ನಮ್ ಸ್ಕೂಲಲ್ಲಿಲ್ಲ. ಬರ್ಕೋ. ಯಾರ್ನೂ ಬಾಗ್ಲಾಚೆ ನಿಲ್ಲಿಸಂಗಿಲ್ಲ." ಅಂಥ ಮಕ್ಕಳು ಬಂದು ನಿಲ್ಲುತ್ತಿದ್ದದ್ದು ತನ್ನ ಪಕ್ಕದಲ್ಲೇ, ತನ್ನ ಸ್ಟೂಲಿನಲ್ಲಿ ಎಷ್ಟೋ ಮಕ್ಕಳನ್ನು ಕೂರಿಸಿದ್ದೇನೆ ಎಂದು ಆಮೇಲೆ ಹೇಳಿದರು. ಆ ವಾರದ ಸೇರ್ಪಡೆ ಅದೇ ಆಯಿತು. ಸಲ್ಮಾ ಮನೆಗೆ ಹೋಗಿ ತನ್ನ ಟ್ಯೂಷನ್ನಿನಲ್ಲೂ ಅದನ್ನೇ ಜಾರಿಗೆ ತಂದಳು.

ಹೀಗೆ ಎರಡು ವರ್ಷ ನಡೆಯಿತು. ಆಟದ ಲೆಕ್ಕದಲ್ಲಿ ಅವಳು ನಾಲ್ಕರಿಂದ ಏಳನೆಯ ತರಗತಿಗೆ ಬಂದಳು. ಅಷ್ಟರಲ್ಲಿ ಆಯಮ್ಮನ ಹೃದಯ ಸೋತಿತ್ತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ನಾವು ಚಾಪೆ ಸುತ್ತಿಕೊಂಡು ಅವರ ನಡುಮನೆಗೆ ಇಳಿದೆವು. ಕಾಲು ಊದಿಕೊಂಡಿದ್ದವು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ಆದರೂ ಭಾನುವಾರ ತಲೆ ಬಾಚಿಕೊಂಡು ಗೋಡೆಗೆ ಒರಗಿ ಕಾಯುತ್ತಿದ್ದರು.

ಏಳನೆಯ ತರಗತಿಯ ಪರೀಕ್ಷೆ ಬಂತು. ಅದನ್ನು ಪಾಸಾದವರು ಕೆರೆ ದಾಟಿ ಹೊರಗೆ ಹೋಗಬೇಕು, ಮತ್ತೆ ಬರುವಂತಿಲ್ಲ. ಶಾಲೆ ಶುರುವಾದ ಮೊದಲ ವಾರವೇ ನಾನು ಬರೆದಿದ್ದ ನಿಯಮ. ದಾಳದಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಪಾಸು.

"ಫೇಲಾದ್ರೆ?" ಎಂದು ಕೇಳಿದರು.

"ಇನ್ನೊಂದು ವರ್ಷ ಅದೇ ಕ್ಲಾಸು."

"ಅಂಗಾದ್ರೆ ಫೇಲ್ ಮಾಡು."

"ಹಾಗೆಲ್ಲ ಆಗಲ್ಲ ಆಯಮ್ಮ. ದಾಳ ಹೇಳ್ಬೇಕು." ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವರು ದಾಳವನ್ನು ಎರಡೂ ಕೈಯಲ್ಲಿ ಕುಲುಕಿ ಚಾಪೆಯ ಮೇಲೆ ಬಿಟ್ಟರು. ಹತ್ತೊಂಬತ್ತು ಬಿತ್ತು. ಆಯಮ್ಮ ದಾಳವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತೋರುಬೆರಳಿನಿಂದ ದಾಳವನ್ನು ಮೆಲ್ಲಗೆ ತಳ್ಳಿದರು. ಅದು ಹೊರಳಿ ಮೂರಕ್ಕೆ ನಿಂತಿತು.

"ಮೂರು," ಎಂದರು. "ಫೇಲು."

ಮಂಜ ಬಾಯಿ ತೆರೆದ. ಸಲ್ಮಾ ಅವನ ತೊಡೆಗೆ ಚಿವುಟಿದಳು. ನಾನು ನೋಟ್‌ಬುಕ್ ತೆಗೆದು ‘ಮೂರು. ಅನುತ್ತೀರ್ಣ. ಅದೇ ತರಗತಿಯಲ್ಲಿ ಮುಂದುವರಿಯುವುದು’ ಎಂದು ಬರೆದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಅಕ್ಷರ ಕೂಡಿಸಿ ಓದಿಕೊಂಡರು. ಸಂಜೆ ಹಾಲು ತಂದ ಪಕ್ಕದ ಮನೆಯವರಿಗೂ ಹೇಳಿಕೊಂಡರಂತೆ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದೆ ಅಂತ.

ಅದಾದ ಐದನೆಯ ವಾರ ಅವರು ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಹೆಚ್ಚಿನವರು ಶಾಲೆಯ ಹಳೆಯ ಮಕ್ಕಳು, ತಲೆ ನರೆತವರೂ ಇದ್ದರು. ನಾನು ಅತ್ತದ್ದಕ್ಕೆ ಲೆಕ್ಕವಿಲ್ಲ. ಹೆತ್ತವರಲ್ಲ, ಬಂಧುವಲ್ಲ, ಆದರೂ ಮನೆಯ ಕೆಳಗಿನ ಅರ್ಧವೇ ಇಲ್ಲವಾದಂತಿತ್ತು.

ತಿಥಿ ಮುಗಿದ ಮೇಲೆ ಅವರ ಮಗಳು ಮಹಡಿ ಹತ್ತಿ ಬಂದರು. ಯಲಹಂಕದ ಒಂದು ಶಾಲೆಯಲ್ಲಿ ಟೀಚರು; ಮಾತು ಕಡಿಮೆ, ಇಸ್ತ್ರಿ ಮಾಡಿದ ಸೀರೆ. ಭಾನುವಾರ ಅಮ್ಮ ಇಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳಿದರು. ನಾನು ನೋಟ್‌ಬುಕ್ ಕೊಟ್ಟು, ಹಿಂದಿನ ಪುಟಗಳಿಂದ ಓದಿ ಎಂದೆ. ಜಡೆ, ಸಹಿ, ಗಂಟೆ ಎಲ್ಲ ಓದಿದರು. ಓದುತ್ತ ಹೋದಂತೆ ಹುಬ್ಬು ಮೇಲೇರಿತು.

"ಇದೆಲ್ಲ ನಮ್ಮಮ್ಮನಾ?"

"ಹೌದು."

"ಅಮ್ಮ ಆಯಾ ಆಗಿದ್ದ ಸ್ಕೂಲಲ್ಲೇ ನಾನೂ ಓದಿದ್ದು. ಒಂದ್ ದಿನ ಲೇಟಾಗಿ ಹೋಗಕ್ಕೆ ಬಿಟ್ಟಿಲ್ಲ. ಒಂದ್ ಸಲ ಕಾರಿಡಾರ್‌ನಲ್ಲಿ ಓಡಿದ್ದಕ್ಕೆ ಮನೆಗೆ ಬಂದು ಹೊಡೆದಿದ್ಳು. ಆಯಮ್ಮನ ಮಗಳು ಅಂತ ಯಾರೂ ಒಂದ್ ಮಾತು ಅನ್ಬಾರ್ದು ಅಂತ. ಅವಳೂ ಅಷ್ಟೆ. ಆ ಸ್ಕೂಲಿಂದ ಒಂದ್ ಸೀಮೆಸುಣ್ಣ ಮನೆಗೆ ತಂದವಳಲ್ಲ." ಪುಟ ತಿರುವಿ ಮುಂದಕ್ಕೆ ಹೋದರು. ಕೊನೆಯ ಸಾಲಿನಲ್ಲಿ ನಿಂತರು. "ಫೇಲಾದ್ಳಾ?"

ನಾನು ನಡೆದದ್ದನ್ನು ಹೇಳಿದೆ. ಹತ್ತೊಂಬತ್ತು ಬಿದ್ದದ್ದು, ಬೆರಳು, ಮೂರು. ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

"ಅಮ್ಮ ಮೋಸ ಮಾಡಿದ್ಳಾ?"

"ನಮ್ಮೆಲ್ಲರ ಕಣ್ಣೆದುರಿಗೇ."

ಅವರು ನೋಟ್‌ಬುಕ್ಕನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ನಗುವೋ ಅಳುವೋ, ಎರಡೂ ಒಟ್ಟಿಗೆ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು, "ಸದ್ಯ," ಎಂದರು. "ಅಷ್ಟಾದ್ರೂ ಮಾಡಿದ್ಳಲ್ಲ."