ಬಾಗಿಲಾಚೆ ಇಟ್ಟ ಕೈಚೀಲ

ಸಿರಿ, ನಿಹಾಲ್, ಎದುರಿಗೆ ಕೂತು ಹೇಳಲು ನಾಚಿಕೆಯಾಗುವುದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ.

2022ರಲ್ಲಿ, ನಿಮ್ಮ ತಾತ ತೀರಿಕೊಂಡ ಮೇಲೆ, ನಾನು ಹ್ಯೂಸ್ಟನ್‌ನಲ್ಲಿ ಹೋಮ್ ಹೆಲ್ತ್ ಏಡ್ ಆಗಿದ್ದೆ. ಅಂದರೆ ವಯಸ್ಸಾದವರ ಮನೆಗೆ ಹೋಗಿ ಸ್ನಾನ, ಊಟ, ಔಷಧಿ ನೋಡಿಕೊಳ್ಳುವ ಕೆಲಸ. ನನ್ನ ಪಾಲಿಗೆ ಬಂದವರು ಜಾಂಬಿಯಾ ದೇಶದ ಮಿಸ್ ಗ್ರೇಸ್, ಎಂಬತ್ತೊಂದು ವರ್ಷ. ತಮ್ಮ ಊರಿನಲ್ಲಿ ಅವರು ಚಿಸುಂಗು ಕಲಿಸುತ್ತಿದ್ದವರು. ಹುಡುಗಿ ದೊಡ್ಡವಳಾದಾಗ ಹೆಂಗಸರು ಅವಳನ್ನು ಒಳಗೆ ಕೂರಿಸಿ, ಹಾಡಿ ಕುಣಿದು ಬದುಕು ಕಲಿಸುವ ಆಚಾರ ಅದು. ಡಾಲಸ್‌ನಲ್ಲಿದ್ದ ಅವರ ಮಗಳು ಮೊದಲ ದಿನವೇ ನನಗೆ ಹೇಳಿದ್ದಳು: ಮಾತನ್ನು ಬೇಕಾದರೆ ಯಾರಾದರೂ ರೆಕಾರ್ಡ್ ಮಾಡಿಕೊಳ್ಳಲಿ, ಹಾಡು ಕುಣಿತ ಕೂಡದು. ಅದು ಹೊರಗೆ ಹೋದರೆ ಅಮ್ಮ ಊರಿನ ಹೆಂಗಸರಿಗೆ ಮುಖ ತೋರಿಸಲಾರಳು.

ಮಾರ್ಚ್‌ನಿಂದ ಪ್ರತಿ ಮಂಗಳವಾರ ಮಿಸ್ ಗ್ರೇಸ್ ಅವರ ಮಾತು ರೆಕಾರ್ಡ್ ಮಾಡಲು ಆಸ್ಟಿನ್‌ನಿಂದ ಅನಘಾ ಬರತೊಡಗಿದಳು. ಮೈಸೂರಿನ ಹುಡುಗಿ, ಭರತನಾಟ್ಯದವಳು, ಆಫ್ರಿಕಾದ ಆಚರಣೆಯ ಕುಣಿತಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಚಿಸುಂಗು ಅಧ್ಯಾಯವೊಂದೇ ಬಾಕಿ, ಅದಿಲ್ಲದೆ ಗೈಡ್ ಸಹಿ ಹಾಕುವುದಿಲ್ಲ ಎನ್ನುತ್ತಿದ್ದಳು. ನನಗೆ ಅವಳ ಮೇಲೆ ನಂಬಿಕೆ ಬರಲಿಲ್ಲ. ಫೋನನ್ನು ಯಾವಾಗಲೂ ಬೋರಲು ಇಡುತ್ತಿದ್ದಳು. ಒಮ್ಮೆ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು:

"ಆಂಟಿ, ಅವ್ರು ಮಲಗಿದ್ದಾಗ ಏನಾದ್ರೂ ಹಾಡು ಗುನುಗ್ತಾರಾ?"

"ಗೊರಕೆ ಹೊಡೀತಾರೆ," ಎಂದೆ.

"ನೀವು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಆಂಟಿ!" ಎಂದು ನಕ್ಕಳು. ನಾನು ನಗಲಿಲ್ಲ.

ಆರನೆಯ ಮಂಗಳವಾರ, ಹನ್ನೊಂದು ಗಂಟೆಯ ಇನ್ಸುಲಿನ್ ಆದ ಮೇಲೆ, ಮಿಸ್ ಗ್ರೇಸ್ ಇವತ್ತು ಕುಣಿದು ತೋರಿಸುತ್ತೇನೆ ಎಂದರು. ಅನಘಾಳ ಮುಖ ಅರಳಿತು. ಆದರೆ ಅವರು ಮೊದಲು ನನ್ನತ್ತ ಬೆರಳು ಮಾಡಿ, ಕೆಲಸಕ್ಕಾಗುವಷ್ಟೇ ಇದ್ದ ನನ್ನ ಇಂಗ್ಲಿಷಿಗೆ ನಿಲುಕದ ಏನೋ ಕೇಳಿದರು.

"ನೀವು ದೊಡ್ಡೋರಾದಾಗ ಶಾಸ್ತ್ರ ಮಾಡಿದ್ರಾ ಅಂತ ಕೇಳ್ತಿದಾರೆ," ಎಂದಳು ಅನಘಾ.

ತಲೆ ತಗ್ಗಿಸಿಕೊಂಡೇ ಹೇಳಿದೆ. ಸೋದರಮಾವ ತೆಂಗಿನ ಗರಿಯ ಗುಡ್ಲು ಹಾಕಿದ್ದು, ಒಂಬತ್ತು ದಿನ ಅದರೊಳಗೆ ಕೂತದ್ದು, ಎಳ್ಳುಬೆಲ್ಲದ ಚಿಗಳಿ ತಿಂದು ತಿಂದು ಸಾಕಾಗಿ ಹೋಗಿದ್ದು, ಹೆಂಗಸರು ಸೋಬಾನೆ ಹಾಡಿದ್ದು. ಅನಘಾ ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಮಿಸ್ ಗ್ರೇಸ್ ಅವಳ ಕಡೆ ತಿರುಗಿದರು. ಅದೇ ಪ್ರಶ್ನೆ ಎಂದು ನನಗೂ ತಿಳಿಯಿತು. ಅವಳು ಸುಳ್ಳು ಹೇಳಬಹುದಿತ್ತು. ಆದರೂ "ನೋ" ಎಂದಳು. ಅವರು ಬಾಗಿಲು ತೋರಿಸಿದರು.

"ನಮ್ಮಮ್ಮ ಇದೆಲ್ಲ ಬೇಡ ಅಂದ್ಬಿಟ್ಟಿದ್ರು ಆಂಟಿ. ಶಾಸ್ತ್ರ ಆಗದೋರು ನೋಡೋ ಹಾಗಿಲ್ವಂತೆ. ನೀವು ಇರಬೇಕಂತೆ."

"ನಾನು ಗಂಡ ಇಲ್ದೋಳು ಅಂತ ಹೇಳಮ್ಮ," ಎಂದೆ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮವರ ಮನೆಗಳಲ್ಲಿ ಆರತಿ ಎತ್ತುವ ಹೊತ್ತಿಗೆ ನಾನಾಗಿಯೇ ಅಡುಗೆಮನೆಗೆ ಸರಿಯುವವಳು. ಅನಘಾ ಹೇಳಿದಳು. ಮಿಸ್ ಗ್ರೇಸ್ ತಾವೂ ವಿಧವೆಯೇ ಎಂದು ನಕ್ಕು, ಪಕ್ಕದ ಕುರ್ಚಿ ತಟ್ಟಿದರು.

ಅನಘಾ ಹೊರಗೆ ಹೋದಳು. ಅವಳ ಕೈಚೀಲ ಸೋಫಾದ ಮೇಲೆಯೇ ಇತ್ತು, ಬಾಯಿ ತೆರೆದುಕೊಂಡು. ಒಳಗೆ ಫೋನಿನ ಮೇಲೆ ರೆಕಾರ್ಡಿಂಗಿನ ಅಂಕಿಗಳು ಓಡುತ್ತಿದ್ದವು. ಚೀಲವನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ಅವಳ ಕೈಗೆ ಕೊಟ್ಟೆ.

"ಅಯ್ಯೋ, ಬೆಳಿಗ್ಗೆ ಮಾತಿಗೆ ಆನ್ ಮಾಡಿದ್ದು, ಮರೆತೇಬಿಟ್ಟೆ!" ಎಂದು ಅವಳು ನನ್ನೆದುರೇ ಎಲ್ಲವನ್ನೂ ಅಳಿಸಿದಳು. ನನ್ನ ಗುಡ್ಲಿನ ಮಾತೂ ಅದರೊಂದಿಗೆ ಹೋಯಿತು. ನಾನು ಬಾಗಿಲು ಹಾಕಿಕೊಂಡೆ.

ಕುಣಿತ ಮುಗಿದು ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಒಂದೇ ಒಂದು ಹೆಜ್ಜೆ ತೋರಿಸಿ ಆಂಟಿ."

"ಮೊಣಕಾಲು ನೋವಮ್ಮ," ಎಂದೆ.

ಮುಂದಿನ ಮಂಗಳವಾರ ಅವಳು ಬರಲಿಲ್ಲ. ಸುಳ್ಳು ಹೇಳಬಹುದಾದಾಗ ಹೇಳದಿದ್ದವಳು ಫೋನನ್ನು ಬೇಕೆಂದೇ ಬಿಟ್ಟಿದ್ದಳೇ? ಇವತ್ತಿಗೂ ನನಗೆ ಗೊತ್ತಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮನುಷ್ಯರು ಎಂಥವರೆಂದು ತೀರ್ಮಾನಿಸಲಾಗದಿದ್ದರೂ, ಚೀಲವನ್ನು ಬಾಗಿಲಾಚೆ ಇಡಬಹುದು.

ಮಿಸ್ ಗ್ರೇಸ್ ಅವರ ಕುಣಿತವನ್ನು ಇಲ್ಲಿ ಹುಡುಕಬೇಡಿ. ಇಲ್ಲಿರುವುದು ನನ್ನ ಗುಡ್ಲಿನ ಮಾತು, ಅದು ನಿಮ್ಮದು. ಬೇರೆಲ್ಲೂ ಉಳಿದಿಲ್ಲ. ಈ ಹಾಳೆಗಳು ಜೋಪಾನ, ಮಕ್ಕಳೇ.